ಕೆಲಸ ಮರಳಿದೆ, ಪತ್ರ ಎಲ್ಲಿ?

ಬೆಂಗಳೂರು-ಹುಬ್ಬಳ್ಳಿ ರೈಲುಮಾರ್ಗದಲ್ಲಿ ಮಾಯಕೊಂಡ ಒಂದು ಚಿಕ್ಕ ನಿಲ್ದಾಣ. ಮೆಕ್ಕೆಜೋಳದ ಕೊಯ್ಲು ಮುಗಿದ ಮೇಲೆ ಚೀಲ ಹೊತ್ತು ರಾಜಧಾನಿಯತ್ತ ಹೊರಡುವ ಯುವಕರನ್ನು ನಾವೆಲ್ಲರೂ ಬಲ್ಲೆವು. ಅವರ ತಂದೆಯರು ಇಷ್ಟು ದೂರ ಹೋಗಬೇಕಾಗಿರಲಿಲ್ಲ. ದಾವಣಗೆರೆಯಲ್ಲಿ ಹತ್ತಿ ಗಿರಣಿಗಳಿದ್ದವು. ಹರಿಹರದಲ್ಲಿ 1941ರಲ್ಲಿ ಸ್ಥಾಪನೆಯಾದ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆಯಿತ್ತು. ಅಲ್ಲಿ ಕಾಯಂ ಆದವನಿಗೆ ಹೆಣ್ಣು ಕೊಡಲು ಯಾರೂ ಹಿಂದೆಮುಂದೆ ನೋಡುತ್ತಿರಲಿಲ್ಲ. ಗಿರಣಿಗಳು ಒಂದೊಂದಾಗಿ ಮುಚ್ಚಿದವು, ಕಿರ್ಲೋಸ್ಕರ್ ಕೂಡ ಬಾಗಿಲು ಹಾಕಿತು.

2020ರ ಮಾರ್ಚ್‌ನಲ್ಲಿ ಲಾಕ್‌ಡೌನ್ ಘೋಷಣೆಯಾದಾಗ ಈ ಯುವಕರೆಲ್ಲ ಊರಿಗೆ ಮರಳಿದರು. ಉದ್ಯೋಗ ಖಾತರಿ ಯೋಜನೆಯಲ್ಲಿ ದಿನಕ್ಕೆ 275 ರೂಪಾಯಿ ಕೂಲಿಯಿದ್ದ ವರ್ಷವದು. ಅದೇ ಮೇ ತಿಂಗಳಲ್ಲಿ, ಕಟ್ಟಡ ನಿರ್ಮಾಪಕರೊಡನೆ ಸಭೆ ನಡೆದ ಬೆನ್ನಲ್ಲೇ, ಹೊರರಾಜ್ಯದ ಕಾರ್ಮಿಕರಿಗಾಗಿ ಗೊತ್ತುಪಡಿಸಿದ್ದ ರೈಲುಗಳನ್ನು ನಮ್ಮ ರಾಜ್ಯ ಸರ್ಕಾರ ರದ್ದುಪಡಿಸಿತು; ಟೀಕೆಗಳು ಎದ್ದ ಮೇಲೆ ಆ ನಿರ್ಧಾರವನ್ನು ಕೈಬಿಟ್ಟಿತು. ನಗರಕ್ಕೆ ಬೇಕಾಗಿದ್ದುದು ಕೈಗಳೇ ಹೊರತು ಮನುಷ್ಯರಲ್ಲವೆಂದು ಆಗ ನಮಗೆ ತೋರಿತು.

ಅನಂತರ ಕೆಲಸಗಳು ಮರಳಿದವೆಂಬುದು ಸುಳ್ಳಲ್ಲ. ಕೇಂದ್ರ ಸರ್ಕಾರದ ಸಮೀಕ್ಷೆಯಂತೆ 2020ರ ಏಪ್ರಿಲ್-ಜೂನ್‌ನಲ್ಲಿ ದೇಶದ ನಗರಗಳ ನಿರುದ್ಯೋಗ ಪ್ರಮಾಣ ಶೇಕಡಾ 20ನ್ನು ಮೀರಿತ್ತು; 2023ರ ಅದೇ ಅವಧಿಗೆ ಅದು ಶೇಕಡಾ 6.6ಕ್ಕೆ ಇಳಿಯಿತು. ಸಂತೋಷವೇ. ಆದರೆ ವಾರದಲ್ಲಿ ಒಂದೇ ಒಂದು ಗಂಟೆ ದುಡಿದವನೂ ಈ ಲೆಕ್ಕದಲ್ಲಿ ಉದ್ಯೋಗಿಯೇ. ಕೆಲಸ ಎಂಥದು, ಸಂಬಳ ಕೈಸೇರಿತೇ ಎಂಬುದನ್ನು ಈ ಒಂದು ಅಂಕಿ ಹೇಳಲಾರದು. 2020ರ ಡಿಸೆಂಬರ್‌ನಲ್ಲಿ ಕೋಲಾರದ ನರಸಾಪುರದ ವಿಸ್ಟ್ರಾನ್ ಕಾರ್ಖಾನೆಯಲ್ಲಿ ಗುತ್ತಿಗೆ ಕಾರ್ಮಿಕರು ರೊಚ್ಚಿಗೆದ್ದು ಗಾಜು ಒಡೆದರು. ಒಡೆದದ್ದನ್ನು ನಾವು ಸಮರ್ಥಿಸುವುದಿಲ್ಲ. ಆದರೆ ಕೆಲವರಿಗೆ ಸರಿಯಾದ ವೇತನ, ಸಕಾಲಕ್ಕೆ, ಸಂದಿರಲಿಲ್ಲವೆಂದು ಕಂಪನಿಯೇ ಒಪ್ಪಿಕೊಂಡಿತಲ್ಲ! 2023ರಲ್ಲಿ ನಮ್ಮ ವಿಧಾನಮಂಡಲವು, ವಾರಕ್ಕೆ 48 ಗಂಟೆಗಳ ಮಿತಿಯನ್ನು ಉಳಿಸಿಕೊಂಡು, ದಿನಕ್ಕೆ ಹನ್ನೆರಡು ಗಂಟೆಗಳ ದುಡಿಮೆಗೂ ಅವಕಾಶ ಕಲ್ಪಿಸಿತು.

ಬಡತನದ ಭಯಕ್ಕೆ ಕಾರ್ಮಿಕನು ಕಠಿಣ ಕರಾರಿಗೆ ತಲೆಬಾಗಿದರೆ ಅದು ಒಪ್ಪಿಗೆಯಲ್ಲ, ಬಲಾತ್ಕಾರ ಎಂಬ ಅರ್ಥದ ಮಾತನ್ನು ಜಗದ್ಗುರು ಹದಿಮೂರನೆಯ ಲಿಯೋ ಅವರು 1891ರ ತಮ್ಮ ವಿಶ್ವಪರಿಪತ್ರದಲ್ಲಿ ಬರೆದಿದ್ದರು. ನೂರಮೂವತ್ತು ವರ್ಷಗಳು ದಾಟಿದರೂ ಮೇಸ್ತ್ರಿಯ ಮಾತನ್ನೇ ನಂಬಿ ರೈಲು ಹತ್ತುವವನ ಸ್ಥಿತಿ ಅದಕ್ಕಿಂತ ಬಹಳ ಬೇರೆಯೇನಲ್ಲ.

2025ರ ನವೆಂಬರ್ 21ರಂದು ಜಾರಿಗೆ ಬಂದ ಕಾರ್ಮಿಕ ಸಂಹಿತೆಗಳು ಪ್ರತಿಯೊಬ್ಬ ಕಾರ್ಮಿಕನಿಗೂ ನೇಮಕಾತಿ ಪತ್ರ ಕೊಡಬೇಕೆನ್ನುತ್ತವೆ. ಗುತ್ತಿಗೆದಾರ ಕೂಲಿ ಕೊಡದೆ ಹೋದರೆ ಮೂಲ ಮಾಲೀಕನೇ ಹೊಣೆ. ಇದು ಹಳೆಯ ಕಾನೂನಿನಲ್ಲೂ ಇದ್ದ ಮಾತು. ಪತ್ರ ಕೇಳಿದವನಿಗೆ ನಾಳೆ ಕೆಲಸವಿರದು ಎಂಬ ಅಂಜಿಕೆಯನ್ನು ನಾವು ಅರಿಯೆವೆಂದಲ್ಲ. ಒಬ್ಬನೇ ಕೇಳಿದರೆ ಹಾಗಾದೀತು. ಒಂದೇ ಊರಿನ ಹತ್ತು ಮಂದಿ ಕೂಡಿ ಕೇಳಲಿ. ನಮ್ಮ ಧರ್ಮಕೇಂದ್ರಗಳಲ್ಲಿ ಓದುಬರಹ ಬಲ್ಲ ಯುವಜನರಿಗೆ ಕೊರತೆಯಿಲ್ಲ. ಭಾನುವಾರದ ಪೂಜೆಯ ನಂತರ ಒಂದು ಮೇಜು ಹಾಕಿ ಕುಳಿತು, ಜಾತಿಮತ ಕೇಳದೆ, ನಗರಕ್ಕೆ ಹೊರಟವರ ಇ-ಶ್ರಮ್ ನೋಂದಣಿ, ಭವಿಷ್ಯನಿಧಿಯ ಸಂಖ್ಯೆ, ಗುತ್ತಿಗೆದಾರನ ಹೆಸರು, ವಿಳಾಸಗಳನ್ನು ಅವರವರ ಮನೆಯವರ ಬಳಿ ಉಳಿಯುವಂತೆ ಬರೆದುಕೊಡಬಹುದು. ಮುಂದಿನ ಕೊಯ್ಲಿಗೆ ಮೊದಲೇ ಇದು ಆರಂಭವಾಗಲಿ.