ಬಾಲಿಗೆ ಹೋಗುವವರು ಬಳ್ಳಿಗಾವಿಗೂ ಬರಲಿ

ರಜೆ ಸಿಕ್ಕರೆ ಬಾಲಿ, ಅಂಡಮಾನ್, ಶ್ರೀಲಂಕಾ ಎಂದು ಪ್ಯಾಕೇಜ್ ಹುಡುಕುವ ಕಾಲವಿದು. ಹೋಗಲಿ, ಸಮುದ್ರ ಯಾರಿಗೆ ಬೇಡ! ಆದರೆ ಶಿವಮೊಗ್ಗದವರೆಗೆ ಬಂದು, ಜೋಗ ನೋಡಿ, ಬಂದ ದಾರಿಯಲ್ಲೇ ವಾಪಸಾಗುವವರಿಗೆ ಶಿಕಾರಿಪುರ, ಸೊರಬ ನೆನಪಾಗುವುದೇ ಇಲ್ಲವಲ್ಲ, ಅದಕ್ಕೇನು ಹೇಳುವುದು?

ಶಿರಾಳಕೊಪ್ಪಕ್ಕೆ ಹತ್ತಿರದ ತಾಳಗುಂದದಲ್ಲಿ, ಪ್ರಣವೇಶ್ವರ ದೇವಾಲಯದ ಎದುರು ಒಂದು ಕಲ್ಲುಕಂಬವಿದೆ. ನೋಡಲು ಸಾದಾ. ಅದರ ಮೇಲಿನ ಸಂಸ್ಕೃತ ಕಾವ್ಯದ ಕಥೆ ಮಾತ್ರ ಸಿನಿಮಾಕ್ಕೆ ಕಡಿಮೆಯಿಲ್ಲ. ಈ ಊರಿನ ಮಯೂರಶರ್ಮ ಓದಲೆಂದು ಗುರು ವೀರಶರ್ಮನೊಂದಿಗೆ ಕಂಚಿಗೆ ಹೋಗುತ್ತಾನೆ. ಅಲ್ಲಿ ಪಲ್ಲವರ ಕುದುರೆ ಸವಾರನೊಂದಿಗೆ ಜಗಳವಾಗುತ್ತದೆ. ದರ್ಭೆ ಹಿಡಿಯುತ್ತಿದ್ದ ಕೈ ಕತ್ತಿ ಹಿಡಿಯುತ್ತದೆ. ಕದಂಬ ರಾಜ್ಯ ಹುಟ್ಟಿದ್ದು ಆ ಸಿಟ್ಟಿನಿಂದ. ಇದನ್ನು ಐದನೆಯ ಶತಮಾನದಲ್ಲಿ ಬರೆದವನು ಕವಿ ಕುಬ್ಜ. ಇದೇ ಆವರಣದ ಉತ್ಖನನದಲ್ಲಿ ದೊರೆತ ಸಿಂಹಕಟಾಂಜನ ಶಾಸನವನ್ನು ಪುರಾತತ್ತ್ವ ಇಲಾಖೆ ಕ್ರಿ.ಶ. 370ರದ್ದೆಂದು ಗುರುತಿಸಿದೆ. ಹಾಗಾದರೆ ಅದು ಹಲ್ಮಿಡಿಗಿಂತ ಹಳೆಯದು. ಕಾಲದ ಬಗ್ಗೆ ವಿದ್ವಾಂಸರು ಬೇಕಾದಷ್ಟು ವಾದ ಮಾಡಲಿ, ಕನ್ನಡಿಗರು ಒಮ್ಮೆ ಬಂದು ನೋಡಲು ಅಷ್ಟು ಸಾಲದೇ?

ಇನ್ನು ಬಳ್ಳಿಗಾವಿ. ಅಲ್ಲಮಪ್ರಭುವಿನ ಊರೆಂದು ಜನ ನಂಬುವ ಈ ಹಳ್ಳಿ ಒಂದು ಕಾಲಕ್ಕೆ ಬನವಾಸಿ ಪನ್ನಿರ್ಚ್ಛಾಸಿರವೆಂಬ ಪ್ರಾಂತ್ಯದ ರಾಜಧಾನಿ. ಮೂರು ಗರ್ಭಗುಡಿಗಳ ಕೇದಾರೇಶ್ವರ ದೇವಾಲಯ ಇಲ್ಲಿದೆ. ತ್ರಿಪುರಾಂತಕದ ಗೋಡೆಯಲ್ಲಿ ಪಂಚತಂತ್ರದ ಕಥೆಗಳಿವೆ. 1047ರಲ್ಲಿ ಚಾವುಂಡರಾಯರಸ ನಿಲ್ಲಿಸಿದ ಕಂಬದ ಮೇಲೆ ಮನುಷ್ಯ ದೇಹದ, ಎರಡು ಹಕ್ಕಿತಲೆಗಳ ಭೇರುಂಡ. ಸರ್ಕಾರಿ ಕಾಗದದ ಮೇಲೆ ನಾವು ದಿನಾ ನೋಡುವ ಗಂಡಭೇರುಂಡದ ಹಿರಿಯಣ್ಣನೆನ್ನಿ. ಕೋಡಿಯ ಮಠದ ಬಗೆಗಿನ 1162ರ ಶಾಸನವಂತೂ ವ್ಯಾಕರಣ ಪಾಠದ ಮಾತಿಗೇ ನಿಲ್ಲುವುದಿಲ್ಲ. ಕುರುಡರು, ಕುಂಟರು, ದಿಕ್ಕಿಲ್ಲದವರಿಗೆ ಅನ್ನ, ರೋಗಿಗಳಿಗೆ ಔಷಧ ಸಿಗುತ್ತಿದ್ದ ಜಾಗವೆಂದೂ ಅದನ್ನು ಹೊಗಳುತ್ತದೆ. ಮಠವೊಂದೇ ಶಾಲೆಯೂ ಆಸ್ಪತ್ರೆಯೂ ಆಗಿತ್ತು!

ತೊಡಕಿರುವುದೂ ಇಲ್ಲೇ. ಶಾಸನ ಓದಲು ಬಾರದವರಿಗೆ ಇದೆಲ್ಲ ಬರೀ ಕಲ್ಲು. ಹಂಪಿಯ ಬಂಡೆ, ಜೋಗದ ನೀರು ಯಾರೂ ಹೇಳದಿದ್ದರೂ ಕಣ್ಣು ತುಂಬುತ್ತವೆ; ತಾಳಗುಂದದ ಕಂಬಕ್ಕೆ ಓದಿ ಹೇಳುವವರು ಬೇಕು. ಶಾಸನದ ತಾತ್ಪರ್ಯ ಇಂದಿನ ಕನ್ನಡದಲ್ಲಿ, ದೊಡ್ಡ ಅಕ್ಷರದಲ್ಲಿ, ಕಲ್ಲಿನ ಪಕ್ಕದಲ್ಲೇ ಇರಬೇಕು. ಇತಿಹಾಸ ಓದಿದ ಊರಿನ ಹುಡುಗ ಹುಡುಗಿಯರಿಗೆ ತರಬೇತಿ, ಸಂಬಳ ಕೊಟ್ಟು ಅಲ್ಲಿ ನಿಲ್ಲಿಸಬೇಕು. ಇದಕ್ಕೆ ರೆಸಾರ್ಟು, ರೋಪ್‌ವೇಗಳಷ್ಟು ದುಡ್ಡು ಬೇಕಾಗಿಲ್ಲ.

ಸೊರಬ ತಾಲ್ಲೂಕಿಗೆ ದಾಟಿದರೆ ಆನವಟ್ಟಿ ಹತ್ತಿರ ಕೋಟಿಪುರದ ಕೈಟಭೇಶ್ವರ. ಕಡೆದು ನುಣುಪು ಮಾಡಿದ ಅದರ ಕಂಬಗಳ ಮಂಟಪದಲ್ಲಿ ಮಧ್ಯಾಹ್ನವೂ ತಂಪು. ಚಂದ್ರಗುತ್ತಿಯಲ್ಲಿ ಗುಹೆಯ ರೇಣುಕಾಂಬೆ, ಮೇಲೆ ಕೋಟೆ. ಗುಡ್ಡ ಹತ್ತಲು ಮಂಡಿ ಗಟ್ಟಿಯಿರಬೇಕು. ದ್ವೀಪವೇ ಬೇಕೆನ್ನುವವರು ಗುಡವಿಗೆ ಹೋಗಲಿ: ಮಳೆಗಾಲದಲ್ಲಿ ಅಲ್ಲಿನ ಕೆರೆ ತುಂಬಿ ಮರಗಳೆಲ್ಲ ನೀರಲ್ಲಿ ನಿಲ್ಲುತ್ತವೆ, ಕೊಂಬೆಗಳ ತುಂಬ ಬೆಳ್ಳಕ್ಕಿ, ನೀರುಕಾಗೆ, ಐಬಿಸ್‌ಗಳ ಗೂಡು. ಬೇಸಿಗೆ ರಜೆಯಲ್ಲಿ ಹೋಗಿ ಹಕ್ಕಿಯೇ ಇಲ್ಲವೆಂದು ಬೈಯಬೇಡಿ. ಜುಲೈ ಹೊತ್ತಿಗೆ, ಕೊಡೆ ಹಿಡಿದು ಹೊರಡಿ.