ಪೈಪಿನ ಸಂದಿ ಮುಚ್ಚಿದ್ದೀರಾ?

ಹೋದ ಶ್ರಾವಣದಲ್ಲಿ ಒಂದು ನಸುಕಿಗೆ ರೊಟ್ಟಿ ಬಡಿಯೋಣ ಅಂತ ಅಡುಗೆಮನೆಗೆ ಕಾಲಿಟ್ಟರೆ ಗಮ್ಮನೆ ಗ್ಯಾಸಿನ ವಾಸನೆ! ಲೈಟಿನ ಸ್ವಿಚ್ಚಿಗೆ ಹೋಗಿದ್ದ ಕೈ ಹಿಂದಕ್ಕೆ ತೆಗೆದೆ. ಕತ್ತಲಲ್ಲೇ ರೆಗ್ಯುಲೇಟರ್ ಬಂದ್ ಮಾಡಿ, ಹಿತ್ತಲ ಬಾಗಿಲು ತೆಗೆದೆ. ಈ ಗ್ಯಾಸು ಗಾಳಿಗಿಂತ ಭಾರ, ನೆಲ ಹಿಡಿದೇ ಹರಡ್ತದೆ. ಪಡಸಾಲೆಯಲ್ಲಿ ಅತ್ತೆಯವರು, ಬಾಣಂತನಕ್ಕೆ ಬಂದ ಮಗಳು, ಅವಳ ಕೂಸು ನೆಲದ ಮೇಲೇ ಮಲಗಿದ್ದರು. ಎಲ್ಲರನ್ನೂ ಎಬ್ಬಿಸಿ ಅಂಗಳಕ್ಕೆ ಕರೆತಂದೆ. (ಇಂಥ ಹೊತ್ತಿನಲ್ಲಿ ಮನೆಯ ಹೊರಗೆ ನಿಂತು 1906ಕ್ಕೆ ಫೋನ್ ಮಾಡಿ, ನಂಬರು ಬರೆದಿಟ್ಟುಕೊಳ್ಳಿ.) ಬೆಳಕು ಹರಿದ ಮೇಲೆ ನೋಡಿದರೆ ಗ್ಯಾಸಿನ ರಬ್ಬರ್ ಪೈಪಿನ ಮೇಲೆ ಸಣ್ಣ ಸಣ್ಣ ಹಲ್ಲಿನ ಗುರುತು.

ನಮ್ಮ ಹಗರಿಬೊಮ್ಮನಹಳ್ಳಿ ಕಡೆ ಶೇಂಗಾ, ಮೆಕ್ಕೆಜೋಳದ ಚೀಲ ಮನೆಯೊಳಗೇ ಇರೋದರಿಂದ ಇಲಿ ಹೊಸದೇನಲ್ಲ. ಆದರೆ ಬಾಗಿಲಿಗೆ ಪಟ್ಟಿ ಹೊಡೆಸಿದ್ದೆವು, ಕಿಟಕಿಗೆ ಜಾಲರಿ ಇತ್ತು. ಮತ್ತೆ ಬಂದದ್ದೆಲ್ಲಿಂದ? ಸಿಂಕಿನ ಕೆಳಗಿನಿಂದ! ನಳ ಹಾಕಿದವನು ಗೋಡೆಗೆ ಅಂಗೈಯಗಲ ತೂತು ಕೊರೆದು, ಎರಡು ಬೆರಳಿನಷ್ಟು ದಪ್ಪದ ಪೈಪು ತೂರಿಸಿ, ಸುತ್ತಲೂ ಬಟ್ಟೆ ಚಿಂದಿ ತುರುಕಿ ಹೋಗಿದ್ದ. ನಾನೂ ಮೂರು ವರ್ಷ ಅದರ ಮುಂದೆ ಡಬ್ಬಿ ಇಟ್ಟು ಮರೆಮಾಡಿದವಳೇ.

ಎದುರುಮನೆಯವರು ಪಾಷಾಣ ಇಡಿ ಅಂದರು. ನಾನು ಒಪ್ಪಲಿಲ್ಲ. ರಂಜಕ ಬೆರೆಸಿದ ಇಲಿ ಪೇಸ್ಟು ಮನುಷ್ಯರ ಹೊಟ್ಟೆಗೆ ಹೋದರೆ ಲಿವರ್ ಕೆಡುತ್ತದೆ, ಆ ವಿಷಕ್ಕೆ ಪ್ರತಿವಿಷ ಅಂತ ಇಲ್ಲ. ಅಂಬೆಗಾಲಿಡುವ ಕೂಸಿರೋ ಮನೆ. ಅದೂ ಅಲ್ಲದೆ ಒಂದು ಸತ್ತರೆ ಅದೇ ತೂತಿನಿಂದ ಇನ್ನೊಂದು ಬರ್ತದೆ.

ಸಣ್ಣ ಇಲಿಗೆ ಆರು ಮಿಲಿಮೀಟರ್ ಸಂದಿ ಸಾಕು. ಪೆನ್ಸಿಲು ತೂರುವ ಕಡೆ ಅದೂ ತೂರುತ್ತದೆ. ರಾತ್ರಿ ಒಳಗೆ ದೀಪ ಆರಿಸಿ, ಹೊರಗಿನಿಂದ ಪೈಪಿನ ಸುತ್ತ ಯಾರಾದರೂ ಟಾರ್ಚು ಬಿಡಲಿ. ಬೆಳಕು ಎಲ್ಲಿ ಇಣುಕುತ್ತದೋ ಅಲ್ಲೇ ದಾರಿ. ಸಿಂಕು, ಬಚ್ಚಲು, ಕರೆಂಟಿನ ವೈರು ಬರುವ ತೂತು, ಒಂದನ್ನೂ ಬಿಡಬೇಡಿ.

ಸಿಕ್ಕ ತಕ್ಷಣ ಸಿಮೆಂಟು ಮೆತ್ತಬೇಡಿ, ಇಲಿ ಒಳಗೇ ಉಳಿದೀತು. ಮೊದಲು ಸಡಿಲವಾಗಿ ಕಾಗದ ತುರುಕಿ, ಒಳಗೊಂದು ಬೋನು ಇಡಿ. ಎರಡು ಮೂರು ದಿನ ಕಾಗದ ಅಲುಗದಿದ್ದರೆ ಸರಿ. ಆಮೇಲೆ ಪಾತ್ರೆ ತಿಕ್ಕುವ ಸ್ಟೀಲಿನ ತಂತಿ ಉಂಡೆ ಬಿಡಿಸಿ ಪೈಪಿನ ಸುತ್ತ ಬಿಗಿಯಾಗಿ ತುಂಬಿರಿ. ತುಕ್ಕು ಹಿಡಿಯದ್ದನ್ನೇ ತನ್ನಿ. ಅದರ ಮೇಲೆ ಒಂದು ಪಾಲು ಸಿಮೆಂಟಿಗೆ ಮೂರು ಪಾಲು ಮರಳು ಕಲಸಿ ಮೆತ್ತಿ, ಮೂರು ದಿನ ನೀರು ಚಿಮುಕಿಸಿ. ಬಟ್ಟೆ, ಥರ್ಮಾಕೋಲು, ಸ್ಪಂಜು ಎಲ್ಲ ಇಲಿಗೆ ಹುರಿಗಡಲೆ ಇದ್ದಂಗೆ. ಗಾಜಿನ ಚೂರು ಕಲಸುವವರೂ ಉಂಟು. ನಾಳೆ ಪೈಪು ರಿಪೇರಿಗೆ ಬಂದವನ ಕೈ ಕೊಯ್ದೀತು, ಬೇಡ. ಬಚ್ಚಲ ಮೋರಿಗೆ ಮಾತ್ರ ಕಬ್ಬಿಣದ ಜಾಲರಿ ಹಾಕಿಸಿ.

ನಮ್ಮ ಮನೆಯದನ್ನು ಗೌಂಡಿಯನ್ನು ಕರೆಯದೆ ನಾನೇ ಮುಚ್ಚಿದೆ. ಅಂಕುಡೊಂಕಾಗಿದೆ, ಆದರೆ ಗಟ್ಟಿ ಇದೆ. ಗ್ಯಾಸಿಗೂ ಒಳಗೆ ತಂತಿ ಹೆಣೆದ ಹೊಸ ಪೈಪು ಹಾಕಿಸಿದ್ದೇವೆ. ಆದರೂ ಅತ್ತೆಯವರು ದಿನಾ ಮಲಗೋ ಮುಂಚೆ ಕೇಳ್ತಾರೆ, "ರೆಗ್ಯುಲೇಟರ್ ಬಂದ್ ಮಾಡಿದೇನವ್ವಾ?"