ನಡ ಹಿಡಿದವನಿಗೆ ಎಂಥ ಡಾಕ್ಟರರು ಬೇಕು?

ಗೋಕಾಕ, ಮೂಡಲಗಿ, ಹುಕ್ಕೇರಿ ಈ ಮೂರು ತಾಲೂಕುಗಳಲ್ಲಿ ಮೈ ಬಗ್ಗಿಸದೆ ಅನ್ನ ಉಣ್ಣುವವರು ಬಹಳ ಮಂದಿ ಇಲ್ಲ. ಗೋಕಾಕ ಫಾಲ್ಸದ ಗಿರಣಿ 1887ರಲ್ಲಿ ಘಟಪ್ರಭೆಯ ನೀರಿನ ಬಲದಿಂದ ನೂಲು ತೆಗೆಯಲು ಸುರುಮಾಡಿತು. ಅಂದಿನಿಂದ ತಲೆಮಾರು ತಲೆಮಾರಿನ ಕಾರ್ಮಿಕರು ಪಾಳಿಯ ಮೇಲೆ ಪಾಳಿ ಯಂತ್ರದ ಮುಂದೆ ನಿಂತು ಮೊಣಕಾಲು ಸವೆಸಿದ್ದಾರೆ. ಮಮದಾಪುರದಂಥ ಊರಿನ ಹೆಣ್ಣುಮಗಳು ಮುಂಜಾನೆಯಿಂದ ಸಂಜೆಯ ತನಕ ಬಗ್ಗಿ ಕಳೆ ತೆಗೆಯುತ್ತಾಳೆ. ಕಬ್ಬು ಕಡಿಯುವವನು ಕಡಿದ ಕಟ್ಟನ್ನು ತಾನೇ ಹೊತ್ತು ಗಾಡಿಗೆ ಏರಿಸುತ್ತಾನೆ. ಅಡತಿ ಅಂಗಡಿಯ ಹಮಾಲನ ಬೆನ್ನು ಚೀಲದಿಂದ ಚೀಲಕ್ಕೆ ಬಾಗುತ್ತದೆ. ಗೋಕಾಕದ ಕಟ್ಟಿಗೆಯ ಗೊಂಬೆ ಮಾಡುವವನು ಕಾಲು ಮಡಚಿ ಕುಳಿತಲ್ಲೇ ಕುಳಿತಿರುತ್ತಾನೆ. ಕರದಂಟಿನ ಕಡಾಯಿಯ ಮುಂದೆ ನಿಂತವನ ಭುಜ, ಗಲ್ಲೆಯ ಮೇಲೆ ದಿನವಿಡೀ ಕೂತ ಕಿರಾಣಿ ವ್ಯಾಪಾರಿಯ ಸೊಂಟ, ಇವುಗಳ ಕಥೆಯೂ ಅದೇ. ಗಿರಣಿಯ ಮಾಲಿಕನಿಗೆ ಯಂತ್ರ ಬಂಡವಾಳ. ದುಡಿಯುವವನಿಗೆ ಅವನ ನಡವೇ ಬಂಡವಾಳ. ಯಂತ್ರ ಕೆಟ್ಟರೆ ಫಿಟ್ಟರನು ಓಡಿ ಬರುತ್ತಾನೆ. ನಡ ಕೆಟ್ಟರೆ ಬರುವವರು ಯಾರು?

ನಡ ಹಿಡಿದವನು ಮೊದಲು ಮನೆಯಲ್ಲಿ ಎಣ್ಣೆ ತಿಕ್ಕಿಸುತ್ತಾನೆ, ಬಿಸಿ ಉಪ್ಪಿನ ಗಂಟಿನಿಂದ ಕಾಸಿಕೊಳ್ಳುತ್ತಾನೆ. ನಾಲ್ಕು ದಿನ ಖಾಡೆ ಬಿದ್ದ ಮೇಲೆ ದವಾಖಾನೆಗೆ ಹೋಗುತ್ತಾನೆ. ಅಲ್ಲಿ ಸಾಮಾನ್ಯವಾಗಿ ದೊರೆಯುವದು ಒಂದು ಸೂಜಿ, ಐದು ದಿನದ ನೋವಿನ ಗುಳಿಗೆ, “ಭಾರ ಎತ್ತಬೇಡ” ಎಂಬ ಉಪದೇಶ. ಭಾರ ಎತ್ತುವದೇ ಉದ್ಯೋಗವಾದ ಹಮಾಲನಿಗೆ ಭಾರ ಎತ್ತಬೇಡವೆಂದು ಹೇಳುವದು ಉಪವಾಸ ಇರು ಎಂದಂತೆಯೇ ಸೈ. ನೋವು ಮರಳಿ ಬರುತ್ತದೆ, ಮತ್ತೆ ಸೂಜಿ. ವರ್ಷಗಟ್ಟಲೆ ನೋವಿನ ಗುಳಿಗೆ ನುಂಗಿದರೆ ಹೊಟ್ಟೆಯಲ್ಲಿ ಹುಣ್ಣಾಗುವದುಂಟು, ಮೂತ್ರಪಿಂಡ ಕೆಡುವದುಂಟು. ಕೊನೆಗೆ ಸಾಲ ಮಾಡಿ ಬೆಳಗಾವಿಗೆ ಹೋಗಿ ಫೋಟೋ ತೆಗೆಸಿ ಬರುತ್ತಾನೆ. ಸಾಲ ಮಾತ್ರ ಖಚಿತ.

ನಾವು ಇದಕ್ಕೆ ಡಾಕ್ಟರರನ್ನು ಬಯ್ಯಲು ಹೊರಟಿಲ್ಲ. ಅವರಿಗೆ ಕಲಿಸಿದ್ದು ಎಷ್ಟೆಂಬುದನ್ನು ನೋಡಿದರೆ ಬಯ್ಯಬೇಕಾದವರು ಬೇರೆಯವರು ಎಂದು ತಿಳಿಯುತ್ತದೆ. 2021ರ ನಿಯಮಗಳ ಪ್ರಕಾರ ಎಂ.ಬಿ.ಬಿ.ಎಸ್. ಮುಗಿಸಿದವರು ಕಡ್ಡಾಯವಾಗಿ ಮಾಡುವ ಒಂದು ವರ್ಷದ ಇಂಟರ್ನ್‌ಶಿಪ್ಪಿನಲ್ಲಿ ಎಲುಬು-ಕೀಲಿನ ವಿಭಾಗಕ್ಕೆ ಕೊಟ್ಟ ಅವಧಿ ಎರಡು ವಾರ. ಆ ಎರಡು ವಾರವೂ ಹೆಚ್ಚಾಗಿ ದೊಡ್ಡ ಆಸ್ಪತ್ರೆಯಲ್ಲಿ, ಮುರಿದ ಎಲುಬಿಗೆ ಸಲಾಕೆ ಹಾಕುವವರ ಹಿಂದೆ ನಿಂತು ಕಳೆದು ಹೋಗುವಂಥವು. ಹಳ್ಳಿಯ ದವಾಖಾನೆಗೆ ಬರುವದು ಮುರಿದ ಎಲುಬು ಕಡಿಮೆ; ಸೆಳೆಯುವ ನಡ, ಮೇಲೆ ಏಳದ ಭುಜ, ಉಳುಕಿದ ಪಾದ, ಊದಿದ ಮೊಣಕಾಲು ಹೆಚ್ಚು. ಪಾಠ ಒಂದು ಕಡೆ, ರೋಗಿ ಇನ್ನೊಂದು ಕಡೆ.

ಇದು ನಮ್ಮ ದೇಶದ ಕೊರತೆಯಷ್ಟೇ ಅಲ್ಲ. ಅಮೇರಿಕೆಯ ಫಿಲಾಡೆಲ್ಫಿಯಾದಲ್ಲಿ ಹೊಸದಾಗಿ ತರಬೇತಿಗೆ ಸೇರಿದ 85 ಜನ ಡಾಕ್ಟರರಿಗೆ ಎಲುಬು-ಕೀಲಿನ ಮೂಲಜ್ಞಾನದ ಪರೀಕ್ಷೆ ಕೊಟ್ಟಾಗ 70 ಜನ ನಪಾಸಾದರೆಂದು 1998ರಲ್ಲಿ ಪ್ರಕಟವಾಯಿತು. ಅಲ್ಲಿಯವರು ಇದನ್ನು ಮುಚ್ಚಿಡಲಿಲ್ಲ. ಕುಟುಂಬ ವೈದ್ಯರಾಗಿ ತರಬೇತಿ ಪಡೆಯುವವರು 200 ಗಂಟೆ ಅಥವಾ ಎರಡು ತಿಂಗಳು ಎಲುಬು, ಕೀಲು, ಸ್ನಾಯುಗಳ ರೋಗಿಗಳನ್ನು ನೋಡಲೇಬೇಕು, ಆಟಗಾರರ ಗಾಯಗಳನ್ನೂ ಕಲಿಯಬೇಕು ಎಂಬ ನಿಯಮವನ್ನು ಬಹುಕಾಲ ನಡೆಸಿಕೊಂಡು ಬಂದರು. ಬಂಡವಾಳಶಾಹಿಯ ನಾಡಿನಿಂದಲೂ ಕಲಿಯಬೇಕಾದದ್ದನ್ನು ಕಲಿಯಲು ನಮಗೆ ನಾಚಿಕೆಯಿಲ್ಲ.

ರೋಗವೇನು ಸಣ್ಣದೆ? ಲೋಕದಲ್ಲಿ ಸುಮಾರು 171 ಕೋಟಿ ಜನ ಎಲುಬು-ಕೀಲು-ಸ್ನಾಯುಗಳ ತೊಂದರೆಯಿಂದ ಬಳಲುತ್ತಿದ್ದಾರೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. 160 ದೇಶಗಳಲ್ಲಿ ಜನರನ್ನು ಕೆಲಸಕ್ಕೆ ಬಾರದಂತೆ ಮಾಡುವ ಕಾರಣಗಳಲ್ಲಿ ನಡನೋವಿಗೇ ಮೊದಲ ಸ್ಥಾನ. ದೂರದ ಮಾತು ಬೇಡವೆಂದರೆ ನೆರೆಯ ಪುಣೆ ಜಿಲ್ಲೆಯ ಭಿಗವಣ ಗ್ರಾಮವನ್ನು ನೋಡಿರಿ. ಅಲ್ಲಿ 1996ರಲ್ಲಿ ಡಾ. ಅರವಿಂದ ಚೋಪ್ರಾ ಅವರ ತಂಡ ಮನೆ ಮನೆಗೆ ಹೋಗಿ ನಾಲ್ಕು ಸಾವಿರಕ್ಕೂ ಹೆಚ್ಚು ವಯಸ್ಕರನ್ನು ವಿಚಾರಿಸಿದಾಗ ನೂರಕ್ಕೆ 18 ಜನರಿಗೆ ಈ ಬಗೆಯ ನೋವು ಇತ್ತು. ಭಿಗವಣದಲ್ಲಿ ದುಡಿಯುವವರ ಎಲುಬು ಬೇರೆ, ಮಮದಾಪುರದಲ್ಲಿ ದುಡಿಯುವವರ ಎಲುಬು ಬೇರೆ ಎಂದು ಯಾರೂ ಹೇಳಲಾರರು.

ತರಬೇತಿ ಸಿಕ್ಕ ಡಾಕ್ಟರರು ಏನು ಬೇರೆ ಮಾಡಿಯಾರು? ಮೊದಲನೆಯದಾಗಿ, ಮುಟ್ಟಿ ನೋಡುತ್ತಾರೆ. ಪಾದ ಉಳುಕಿದವನ ಗಂಟಿನ ಎಲುಬನ್ನು ನಿರ್ದಿಷ್ಟ ಜಾಗಗಳಲ್ಲಿ ಒತ್ತಿ, ನಾಲ್ಕು ಹೆಜ್ಜೆ ನಡೆಯಲು ಹೇಳಿ, ಎಕ್ಸ್-ರೇ ಬೇಕೋ ಬೇಡವೋ ಎಂದು ನಿರ್ಣಯಿಸುವ ಸರಳ ವಿಧಾನವನ್ನು ಕೆನಡಾದ ಒಟ್ಟಾವಾದ ವೈದ್ಯರು 1992ರಲ್ಲಿ ಕೊಟ್ಟಿದ್ದಾರೆ. ಇದಕ್ಕೆ ಯಂತ್ರ ಬೇಡ, ಹೆಬ್ಬೆರಳು ಸಾಕು. ನೂರಾರು ರೂಪಾಯಿ ಉಳಿಯುತ್ತವೆ, ಬೇಕಾದವನಿಗೆ ಫೋಟೋ ತಪ್ಪುವದೂ ಇಲ್ಲ. ಎರಡನೆಯದಾಗಿ, ಹೆದರಬೇಕಾದ ನೋವನ್ನೂ ಹೆದರಬಾರದ ನೋವನ್ನೂ ಬೇರ್ಪಡಿಸುತ್ತಾರೆ. ನಡನೋವಿನೊಂದಿಗೆ ಸಂಜೆಯ ಜ್ವರ ಬಂದು ಮೈ ಇಳಿಯುತ್ತಿದ್ದರೆ ಅದು ಬೆನ್ನೆಲುಬಿನ ಕ್ಷಯ ಇರಬಹುದು. ಗುದದ ಸುತ್ತ ಜೋಮು ಹಿಡಿದು ಮೂತ್ರ ಕಟ್ಟಿದರೆ ಅಂದೇ ದೊಡ್ಡ ಆಸ್ಪತ್ರೆಗೆ ಒಯ್ಯಬೇಕು. ತಿಂಗಳುಗಟ್ಟಲೆ ಮುಂಜಾನೆ ಬೆರಳ ಸಂದುಗಳು ಬಿಗಿದು ಊದುತ್ತಿದ್ದರೆ ಅದು ದುಡಿಮೆಯ ನೋವಲ್ಲ, ಸಂಧಿವಾತ. ಬೇಗ ಔಷಧ ಸುರುವಾದರೆ ಕೈ ಸೊಟ್ಟಗಾಗುವದು ತಪ್ಪೀತು. ಉಳಿದ ಬಹುಪಾಲು ನಡನೋವಿಗೆ ವ್ಯಾಯಾಮ, ತಿಳುವಳಿಕೆ, ಕ್ರಮವಾಗಿ ಮರಳಿ ಕೆಲಸ, ಇವೇ ಮದ್ದು. 2023ರ ಡಿಸೆಂಬರಿನಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಹಳೆಯ ನಡನೋವಿನ ಬಗ್ಗೆ ಹೊರಡಿಸಿದ ಮಾರ್ಗಸೂಚಿ ಸೊಂಟಪಟ್ಟಿಯನ್ನೂ ಎಳೆತದ ಚಿಕಿತ್ಸೆಯನ್ನೂ ವಾಡಿಕೆಯಾಗಿ ಕೊಡಬೇಡಿರೆಂದಿದೆ. ಆದರೆ ಸೊಂಟಪಟ್ಟಿಯ ವ್ಯಾಪಾರ ನಮ್ಮ ಪೇಟೆಗಳಲ್ಲಿ ಇನ್ನೂ ಜೋರಾಗಿಯೇ ಇದೆ!

ಕಾಗದದ ಸಂಗತಿಯನ್ನೂ ಕಾರ್ಮಿಕ ಬಂಧುಗಳು ತಿಳಿಯಬೇಕು. ರಾಜ್ಯ ವಿಮೆಗೆ ನಮ್ಮ ಪಗಾರದಿಂದ ನೂರಕ್ಕೆ 75 ಪೈಸೆ ಹೋಗುತ್ತದೆ, ಮಾಲಿಕನಿಂದ ಮೂರೂಕಾಲು ರೂಪಾಯಿ. ನಡ ಹಿಡಿದದ್ದು ಬರಿಯ ಕಾಯಿಲೆ ಎಂದು ಡಾಕ್ಟರರು ಬರೆದರೆ ಪಗಾರದ ನೂರಕ್ಕೆ 70ರಂತೆ, ವರ್ಷದಲ್ಲಿ ಹೆಚ್ಚೆಂದರೆ 91 ದಿನ ದೊರೆಯುತ್ತದೆ. ಅದು ಕೆಲಸದ ಮೇಲೆ ಆದ ಗಾಯವೆಂದು ಸಿದ್ಧವಾದರೆ ನೂರಕ್ಕೆ 90ರಂತೆ, ಗುಣವಾಗುವ ತನಕ. ಯಾವ ಹೊತ್ತಿಗೆ, ಏನು ಎತ್ತುವಾಗ, ಹೇಗೆ ತಿರುಗಿದಾಗ ನೋವು ಬಂತು ಎಂದು ಕೇಳಿ ಬರೆಯುವ ಅಭ್ಯಾಸ ಡಾಕ್ಟರರಿಗೆ ಇಲ್ಲದಿದ್ದರೆ ಹಾನಿ ಅವರದಲ್ಲ. ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ 2010ರಲ್ಲಿ ಪರಿಷ್ಕರಿಸಿದ ಔದ್ಯೋಗಿಕ ರೋಗಗಳ ಪಟ್ಟಿಯಲ್ಲಿ ಮಣಿಕಟ್ಟು, ಮೊಣಕೈ, ಮೊಣಕಾಲುಗಳ ಬೇನೆಗಳಿಗೆ ಸ್ಥಾನ ಕೊಟ್ಟಿದೆ. ದುಡಿಮೆಯಿಂದ ಬಂದ ರೋಗವೆಂದು ಗುರುತಿಸುವ ಕಣ್ಣು ತರಬೇತಿಯಿಂದಲೇ ಬರಬೇಕು. ವಿಮೆಯ ಹೊರಗೆ ಉಳಿದ ಹಮಾಲನಿಗೆ, ಒಬ್ಬನೇ ಆಳಿನ ಅಂಗಡಿಕಾರನಿಗೆ ಇಷ್ಟೂ ಇಲ್ಲವೆಂಬುದು ಇನ್ನೊಂದು ದುಃಖ. ಅದರ ಬಗ್ಗೆ ಬೇರೆಯಾಗಿ ಬರೆಯುತ್ತೇವೆ.

ಆಟಗಾರರ ವೈದ್ಯಕೀಯ ಎಂದರೆ ಶ್ರೀಮಂತರ ಸಂಗತಿ ಎಂದು ಕೆಲವರು ಮೂಗು ಮುರಿದಾರು. ದೇಶದ ಕ್ರಿಕೆಟ್ ಆಟಗಾರನ ಮಂಡಿ ನೊಂದರೆ ಪತ್ರಿಕೆಗಳಲ್ಲಿ ದಿನಕ್ಕೊಂದು ವರದಿ ಬರುವದು ನಿಜ. ಆದರೆ ನಮ್ಮ ಗರಡಿಮನೆಯ ಹುಡುಗ, ಜಾತ್ರೆಯಲ್ಲಿ ಉಸುಕಿನ ಚೀಲ ಎತ್ತುವ ಪೈಲವಾನ, ಶಾಲೆಯ ಕಬಡ್ಡಿ ಆಡುವ ಹುಡುಗಿ ಇವರೂ ಆಟಗಾರರಲ್ಲವೆ? ಕುಸ್ತಿಯಲ್ಲಿ ಜಾರಿದ ಭುಜ ಹರೆಯದವರಲ್ಲಿ ಮತ್ತೆ ಮತ್ತೆ ಜಾರುವ ಸಂಭವ ಹೆಚ್ಚು. ಅದನ್ನು ಕೂರಿಸುವದು, ಜೋಳಿಗೆ ಕಟ್ಟುವದು, ಆಮೇಲೆ ಯಾವ ವಾರ ಯಾವ ವ್ಯಾಯಾಮ, ಯಾವಾಗ ಎಲುಬಿನ ಡಾಕ್ಟರರಲ್ಲಿಗೆ ಕಳಿಸುವದು, ಇದು ಗೊತ್ತಿಲ್ಲದ ದವಾಖಾನೆಯಿಂದ ಹುಡುಗರು ಎಲುಬು ಕಟ್ಟುವವರ ಕಡೆಗೆ ಹೋಗುತ್ತಾರೆ. ಅವರಲ್ಲಿ ಕೈಗುಣದವರಿದ್ದಾರೆ, ನಾವು ಹಳಿಯುವದಿಲ್ಲ. ಆದರೆ ಬಿಗಿಯಾಗಿ ಕಟ್ಟಿದ ಕಟ್ಟಿನಿಂದ ರಕ್ತ ನಿಂತು ಕೈಯನ್ನೇ ಕತ್ತರಿಸಬೇಕಾದ ಪ್ರಸಂಗಗಳು ನಾಡಿನಲ್ಲಿ ನಡೆದಿವೆ. ಇನ್ನೂ ಒಂದು ಮಾತು. ಗಾಯಗೊಂಡ ಆಟಗಾರನನ್ನು ಮೊದಲು ನಡೆಸಿ, ಆಮೇಲೆ ಓಡಿಸಿ, ಕೊನೆಗೆ ಪಂದ್ಯಕ್ಕೆ ಇಳಿಸುವ ಶಾಸ್ತ್ರವನ್ನೇ ಹಮಾಲನಿಗೂ ಹಚ್ಚಬಹುದು: ಮೊದಲ ವಾರ ಹಗುರ ಕೆಲಸ, ಆಮೇಲೆ ಅರ್ಧ ಭಾರ, ಆಮೇಲೆ ಪೂರ್ತಿ. ಮಾಲಿಕರು ಒಪ್ಪಲಾರರೆಂದು ಹೇಳುವವರಿಗೆ ಡಾಕ್ಟರರ ಬರಹವೇ ಉತ್ತರವಾಗಬೇಕು.

ಭಾಷೆಯದೂ ಇಲ್ಲಿ ಪ್ರಶ್ನೆಯಿದೆ. ಡಾ. ಲೋಹಿಯಾ ಅವರು ಇಂಗ್ಲಿಷನ್ನು ಕಛೇರಿಯಿಂದ, ಕೋರ್ಟಿನಿಂದ ಇಳಿಸಿರೆಂದು ಹೋರಾಡಿದರು. ದವಾಖಾನೆಯ ಮೇಜಿನಿಂದಲೂ ಅದನ್ನು ಇಳಿಸಬೇಕಾಗಿದೆ. ನಮ್ಮ ರೋಗಿ “ನಡದಿಂದ ಮೀನಖಂಡದ ತನಕ ಸೆಳೀತೈತ್ರಿ” ಎನ್ನುತ್ತಾನೆ, “ಕಾಲು ಜೋಮು ಹಿಡೀತೈತ್ರಿ” ಎನ್ನುತ್ತಾನೆ, “ಛಳಕು ಹೊಡೀತೈತ್ರಿ” ಎನ್ನುತ್ತಾನೆ. ಈ ಮೂರೂ ಮೂರು ಬೇರೆ ಸಂಗತಿ, ನರ ಒತ್ತಿದೆಯೋ ಸ್ನಾಯು ಹಿಡಿದಿದೆಯೋ ಎಂಬ ಸುಳಿವು ಅದರಲ್ಲಿಯೇ ಇದೆ. ಕೇಳುವವರಿಗೆ ಮೂರೂ ಒಂದೇ ಆಗಿ ಕಂಡರೆ ಅರ್ಧ ಪರೀಕ್ಷೆ ಅಲ್ಲಿಗೇ ಕೆಟ್ಟಿತು.

ಕುಟುಂಬ ವೈದ್ಯಕೀಯವನ್ನು ಬೆಳೆಸಬೇಕೆಂದು 2002ರ ರಾಷ್ಟ್ರೀಯ ಆರೋಗ್ಯ ನೀತಿ ಹೇಳಿತು, 2017ರ ನೀತಿ ಮತ್ತೆ ಹೇಳಿತು. ರಾಷ್ಟ್ರೀಯ ಪರೀಕ್ಷಾ ಮಂಡಲಿಯ ಮೂರು ವರ್ಷದ ಪದವಿ ಇದೆ. ಕೇರಳದ ಕೋಝಿಕ್ಕೋಡ ಸರಕಾರಿ ಕಾಲೇಜಿನಲ್ಲಿ ಎಂ.ಡಿ. ಸುರುವಾಗಿ ಹತ್ತು ವರ್ಷ ಮೀರಿತು. ನಮ್ಮ ಜಿಲ್ಲೆಗೆ ಅನುಕೂಲಗಳ ಬಡತನವಿಲ್ಲ. ಬೆಳಗಾವಿಯಲ್ಲಿ 1963ರ ಜವಾಹರಲಾಲ ನೆಹರು ವೈದ್ಯಕೀಯ ಕಾಲೇಜಿದೆ, ಸರಕಾರದ ವೈದ್ಯಕೀಯ ವಿಜ್ಞಾನ ಸಂಸ್ಥೆಯಿದೆ. ಘಟಪ್ರಭೆಯಲ್ಲಿ ಸೇವಾದಳದ ಡಾ. ಹರ್ಡೀಕರರ ಹೆಸರಿನೊಂದಿಗೆ ಬೆಸೆದುಕೊಂಡ ಕರ್ನಾಟಕ ಆರೋಗ್ಯ ಧಾಮ 1929ರಿಂದ ಇದೆ, ಜನರ ಷೇರಿನ ಮೇಲೆ ನಿಂತ ಸಹಕಾರಿ ಆಸ್ಪತ್ರೆಯೂ ಇದೆ. ಸ್ನಾತಕೋತ್ತರ ವಿದ್ಯಾರ್ಥಿಗಳು ಮೂರು ತಿಂಗಳು ಜಿಲ್ಲಾ ಆಸ್ಪತ್ರೆಯಲ್ಲಿ ಕೆಲಸ ಮಾಡಬೇಕೆಂದು 2020ರಲ್ಲಿ ನಿಯಮವಾಗಿದೆ. ಜಿಲ್ಲೆಗೆ ಬಂದವರು ತಾಲೂಕಿಗೆ ಬರಲಾರರೆ?

ನಮ್ಮ ಬೇಡಿಕೆ ಇಷ್ಟು. ಈ ಜಿಲ್ಲೆಯಲ್ಲಿ ಕುಟುಂಬ ವೈದ್ಯರ ತರಬೇತಿ ನಡೆಯಬೇಕು. ಮೂರು ವರ್ಷದಲ್ಲಿ ಮೂರು ತಿಂಗಳಾದರೂ ಎಲುಬು-ಕೀಲಿನ ಕಲಿಕೆಗೆ ಮೀಸಲಿಡಬೇಕು, ಮತ್ತು ಅದು ಆಪರೇಶನ್ ಕೋಣೆಯ ಬಾಗಿಲಲ್ಲಿ ಅಲ್ಲ, ತಾಲೂಕಾ ದವಾಖಾನೆಯಲ್ಲಿ, ಗಿರಣಿಯ ನೂಲಿನ ಖಾತೆಯಲ್ಲಿ, ಮಾರುಕಟ್ಟೆಯ ಹಮಾಲರ ನಡುವೆ, ಕುಸ್ತಿಯ ಕಣದ ಬದಿಯಲ್ಲಿ ನಡೆಯಬೇಕು. ವಾರಕ್ಕೊಂದು ದಿನ ಮಮದಾಪುರದಂಥ ಹಳ್ಳಿಗೂ ಅವರು ತಮ್ಮ ಗುರುಗಳೊಡನೆ ಬರಬೇಕು. ತಾಲೂಕಿಗೊಬ್ಬ ಫಿಜಿಯೋಥೆರಪಿಸ್ಟರನ್ನು ಕಾಯಂ ಆಗಿ ನೇಮಿಸಬೇಕು. ವ್ಯಾಯಾಮ ಬರೆದುಕೊಟ್ಟು ಕಲಿಸುವವರಿಲ್ಲದಿದ್ದರೆ ಅದು ಚೀಟಿಯಲ್ಲಿಯೇ ಉಳಿಯುತ್ತದೆ. ಭಾರದ ಮಿತಿಯನ್ನೂ ಮರೆಯಬಾರದು. ಮಿತಿಮೀರಿದ ಭಾರ ಹೊರಿಸಬಾರದೆಂದು 1948ರ ಕಾರಖಾನೆ ಕಾಯಿದೆಯ 34ನೆಯ ಕಲಮು ಹೇಳಿತ್ತು. ಒಬ್ಬ ಗಂಡಾಳಿಗೆ 55 ಕಿಲೋಗಿಂತ ಹೆಚ್ಚು ಬೇಡವೆಂದು ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ 1967ರಲ್ಲಿಯೇ ಶಿಫಾರಸು ಮಾಡಿತು. ಅಡತಿ ವ್ಯಾಪಾರಿ ಮಿತ್ರರು ಸರಕಾರದ ಅಧಿಕಾರಿಯ ದಾರಿ ಕಾಯದೆ ತಮ್ಮ ಅಂಗಡಿಯಲ್ಲಿ ತಾವೇ ಇದನ್ನು ಪಾಲಿಸಬಹುದು.

ಈ ಮೂರು ತಾಲೂಕುಗಳ ಶಾಸಕರು, ಬೆಳಗಾವಿಯ ಎರಡೂ ವೈದ್ಯಕೀಯ ಸಂಸ್ಥೆಗಳ ಅಧಿಕಾರಿಗಳು ಈ ಬೇಡಿಕೆಗೆ ಒಪ್ಪುವರೋ ಇಲ್ಲವೋ ಎಂದು ಬರೆದು ತಿಳಿಸಲಿ. ಬಂದ ಉತ್ತರವನ್ನು, ಅದು ಹೇಗೇ ಇರಲಿ, ಇದೇ ಪುಟದಲ್ಲಿ ಅಚ್ಚು ಹಾಕುತ್ತೇವೆ.